ಗುರುತು ಹಾಕಿದವನೇ ಮೊದಲು ಇಳಿಯಬೇಕು

ಮುಂಬೈಯಲ್ಲಿ ನೆಲದ ಕೆಳಗೆ ಹರಿಯುವ ನೀರೆಲ್ಲ ಕುಡಿಯುವ ನೀರಲ್ಲ, ಗಟಾರದ ನೀರೂ ಅಲ್ಲ. ದೊಡ್ಡ ದೊಡ್ಡ ಆಫೀಸು ಬಿಲ್ಡಿಂಗುಗಳ ಎಸಿಗೆ ಹೋಗುವ ತಣ್ಣೀರು ಬೇರೆಯೇ ಇದೆ. ಕಾಂಪ್ಲೆಕ್ಸಿನ ಒಂದು ಮೂಲೆಯ ಪ್ಲಾಂಟಿನಲ್ಲಿ ಅದನ್ನು ಕೈಯಿಟ್ಟರೆ ಜುಂ ಎನ್ನುವಷ್ಟು ತಣ್ಣಗೆ ಮಾಡಿ, ಪಂಪಿನಿಂದ ನೆಲದೊಳಗಿನ ಕಬ್ಬಿಣದ ಪೈಪುಗಳಲ್ಲಿ ತಳ್ಳುತ್ತಾರೆ. ಅದು ಬಿಲ್ಡಿಂಗಿನ ಸೆಖೆಯನ್ನೆಲ್ಲ ಹೊತ್ತುಕೊಂಡು ಇನ್ನೊಂದು ಪೈಪಿನಲ್ಲಿ ವಾಪಸು ಬರುತ್ತದೆ. ಹೋದಷ್ಟೇ ನೀರು ಬರಬೇಕು. ಬರದಿದ್ದರೆ ದಾರಿಯಲ್ಲಿ ಎಲ್ಲೋ ಸೋರುತ್ತಿದೆ ಎಂದರ್ಥ. ಎಲ್ಲಿ ಎಂದು ಹುಡುಕಿ, ಅಗೆದು, ಮುಚ್ಚುವುದು ನನ್ನ ಕೆಲಸ. ಇಪ್ಪತ್ತು ವರ್ಷಕ್ಕಿಂತ ಹೆಚ್ಚಾಯಿತು, ಇದನ್ನೇ ಮಾಡುತ್ತಿದ್ದೇನೆ. ಏನು ಕೆಲಸ ಎಂದು ಲೋಕಲ್‌ನಲ್ಲಿ ಯಾರಾದರೂ ಕೇಳಿದರೆ ‘ಪ್ಲಂಬರ್’ ಎಂದುಬಿಡುತ್ತೇನೆ. ಇಷ್ಟೆಲ್ಲ ವಿವರಿಸುವಷ್ಟರಲ್ಲಿ ಅವರ ಸ್ಟೇಷನ್ ಬಂದಿರುತ್ತದೆ.

ಈ ಕೆಲಸ ಕಲಿಸಿದವರು ನನ್ನ ಸೋದರಮಾವ. ನನಗಿಂತ ಬಹಳ ಮೊದಲೇ ವಿಜಯಪುರದ ಕಡೆಯಿಂದ ಬಂದು ಧಾರಾವಿಯಲ್ಲಿ ಖೋಲಿ ಮಾಡಿಕೊಂಡಿದ್ದರು. ಓದಿದ್ದು ಮೂರನೇ ಇಯತ್ತೆ, ಆದರೆ ಅವರು ನೆಲಕ್ಕೆ ಕಿವಿ ಕೊಟ್ಟರೆ ಇಂಜಿನಿಯರುಗಳು ಮಾತು ನಿಲ್ಲಿಸುತ್ತಿದ್ದರು. ಅವರ ಹತ್ತಿರ ಎದೆಯೆತ್ತರದ ಒಂದು ಉಕ್ಕಿನ ಸಲಾಕೆ ಇತ್ತು. ಅದರ ಒಂದು ತುದಿಯನ್ನು ಪೈಪಿನ ಮೇಲೋ ನೆಲದ ಮೇಲೋ ಊರಿ, ಇನ್ನೊಂದು ತುದಿಯ ಮರದ ಬಿಲ್ಲೆಗೆ ಬಲಗಿವಿ ಒತ್ತಿ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ನಿಂತುಬಿಡುತ್ತಿದ್ದರು. ಪಂಪಿನ ಗುಂಯ್ ಎನ್ನುವ ಸದ್ದು ಬೇರೆ, ರಸ್ತೆಯ ಲಾರಿಗಳ ನಡುಕ ಬೇರೆ. ಅವೆಲ್ಲದರ ಅಡಿಯಲ್ಲಿ, ಹಾಲು ಉಕ್ಕುವುದಕ್ಕೆ ಸ್ವಲ್ಪ ಮುಂಚೆ ಪಾತ್ರೆಯೊಳಗೆ ಏಳುವಂಥ ಸಣ್ಣ ಸುಯ್ ಸದ್ದು ಕೇಳಿದರೆ ಅದು ಸೋರಿಕೆ. ಅದನ್ನು ಗುರುತಿಸುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷವೆಲ್ಲ ಮಾವ ನನ್ನನ್ನು ‘ಏ ಕಿವುಡಾ’ ಎಂದೇ ಕರೆಯುತ್ತಿದ್ದರು. ಕಲಿತ ಮೇಲೆ ‘ಅಳಿಯಾ’ ಆದೆ.

ಕುಡಿಯುವ ನೀರಿನ ಪೈಪು ಸೋರಿದರೆ ಹುಡುಕುವುದು ಅಷ್ಟು ಕಷ್ಟವಲ್ಲ. ತಣ್ಣೀರಿನ ಪೈಪು ಹಾಗಲ್ಲ. ಅದಕ್ಕೆ ಮೈತುಂಬ ಫೋಮಿನ ಹೊದಿಕೆ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಕವಚ. ಕಬ್ಬಿಣಕ್ಕೆ ತೂತು ಬಿದ್ದ ಕಡೆಯೇ ನೀರು ಹೊರಗೆ ಬರಬೇಕೆಂದಿಲ್ಲ. ಹೊದಿಕೆಯೊಳಗೇ ಸಾಗಿ, ಕವಚ ಎಲ್ಲಿ ಒಡೆದಿದೆಯೋ ಅಲ್ಲಿ ಮಣ್ಣಿಗಿಳಿಯುತ್ತದೆ. ಫೋಮು ಸದ್ದನ್ನೂ ನುಂಗುತ್ತದೆ. ಒದ್ದೆ ಕಂಡಲ್ಲೇ ಗುದ್ದಲಿ ಹಾಕುವವನನ್ನು ನಮ್ಮಲ್ಲಿ ಹೊಸಬ ಎಂದು ನಗುತ್ತಾರೆ. ಮೇ ತಿಂಗಳಲ್ಲಿ ಬೀದಿನಾಯಿಗಳು ಒಂದೇ ಜಾಗದಲ್ಲಿ ಒತ್ತೊತ್ತಾಗಿ ಮಲಗಿದ್ದರೆ ಅಲ್ಲಿ ನೆಲ ತಣ್ಣಗಿದೆ ಎಂದು ತಿಳಿದು, ಆ ಸುತ್ತಿನಿಂದ ಹುಡುಕಾಟ ಶುರುಮಾಡುತ್ತಿದ್ದೆವು. ಮಾವ ಆ ನಾಯಿಗಳಿಗೆ ಬಿಸ್ಕತ್ತು ಹಾಕುತ್ತಿದ್ದರು. “ಇವೂ ನಮ್ಮ ಸ್ಟಾಫ್ ಅದಾವ ಅಳಿಯಾ” ಅನ್ನುತ್ತಿದ್ದರು.

ಅವರ ತಂಡದಲ್ಲಿ ಒಂದು ಕಟ್ಟುಪಾಡಿತ್ತು. ಜಾಗ ಖಾತ್ರಿಯಾದ ಮೇಲೆ ಅಲ್ಲಿ ಸುಣ್ಣದಿಂದ ಕತ್ತರಿ ಗುರುತು ಹಾಕುವುದು. ಗುಂಡಿ ತೋಡಿ ಪೈಪು ಕಂಡ ಮೇಲೆ, ಗುರುತು ಹಾಕಿದವನೇ ಮೊದಲು ಇಳಿದು ಪೈಪು ಮುಟ್ಟಬೇಕು. ಅಲ್ಲಿಯವರೆಗೆ ಬೇರೆ ಯಾರೂ ಪೈಪಿಗೆ ಕೈ ಹಚ್ಚುವಂತಿಲ್ಲ. “ಸುಣ್ಣಾ ಹಾಕಾಂವ ಮ್ಯಾಲ ನಿಂತು ತಮಾಷಾ ನೋಡಬಾರದು. ತಾನ ಇಳಿಬೇಕಂದ್ರ ವಿಚಾರ ಮಾಡಿ ಹಾಕತಾನ” ಎಂಬುದು ಅವರ ನ್ಯಾಯ. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಟ್ಟುಪಾಡೂ ಇತ್ತು. ಹಿರಿಯರು ಹಾಕಿದ ಗುರುತಿನ ಪಕ್ಕದಲ್ಲಿ ಕಿರಿಯನು ಇನ್ನೊಂದು ಗುರುತು ಹಾಕುವುದಿಲ್ಲ. ತಂಡದವರೆಲ್ಲ ನಮ್ಮ ಕಡೆಯವರೇ. ಮಾವನ ಮಾತಿಗೆ ಎದುರು ಮಾತಾಡುವುದನ್ನು ನಮ್ಮವ್ವ ನನಗೆ ಕಲಿಸಿರಲಿಲ್ಲ.

ಮಾವ ಹೋಗಿ ನಾಲ್ಕು ವರ್ಷವಾಯಿತು. ‘ಮುದುಕನ ಕಿವಿ ಕೈಕೊಟ್ಟಿತು, ತಪ್ಪು ಜಾಗದಲ್ಲಿ ಗುರುತು ಹಾಕಿ ತನ್ನ ಗುಂಡಿ ತಾನೇ ತೋಡಿಸಿಕೊಂಡ’ ಎಂದು ಈ ಕಸುಬಿನವರೆಲ್ಲ ಆಡಿಕೊಂಡರು. ಆ ಮಾತು ಧಾರಾವಿಯವರೆಗೂ ಹೋಗಿ ಅತ್ತೆಯನ್ನೂ ಮುಟ್ಟಿತು. ನಾನು ಎಲ್ಲೂ ತುಟಿ ಬಿಚ್ಚಲಿಲ್ಲ. ಆ ದಿನ ಸರಿಯಾದ ಜಾಗ ನನಗೆ ಕೇಳಿಸಿತ್ತು. ಕೇಳಿಸಿದ್ದನ್ನು ನಾನು ಹೇಳಲಿಲ್ಲ. ಹೇಳದೆ ಅತ್ತೆಯ ಮುಖ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಹೇಳಿದರೆ ಅವಳು ಮತ್ತೆಂದೂ ನನ್ನ ಮುಖ ನೋಡಲಾರಳು ಎಂದು ಹೆದರಿ ನಾಲ್ಕು ವರ್ಷ ತಳ್ಳಿದೆ.

ಮಾವನ ಕೊನೆಯ ಎರಡು ವರ್ಷಗಳ ಒಂದು ಸಂಗತಿ ಹೇಳಬೇಕು. ಮೊದಲೆಲ್ಲ ಅವರು ಸಲಾಕೆಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ನಾನು ಅಭ್ಯಾಸ ಮಾಡಿದ್ದು ಬೇರೊಂದು ಡೊಂಕು ಸಲಾಕೆಯಲ್ಲಿ. ಆ ಎರಡು ವರ್ಷ ಮಾತ್ರ, ಸುಣ್ಣ ಹಾಕುವ ಮುಂಚೆ, ತಾವು ಕೇಳಿದ ಮೇಲೆ ಸಲಾಕೆಯನ್ನು ನನ್ನ ಕೈಗೆ ಕೊಟ್ಟು, “ನೋಡು, ಹೌದಲ್ಲೋ?” ಅನ್ನುತ್ತಿದ್ದರು. ನಾನು ಕೇಳುವಾಗ ಕಣ್ಣು ಮುಚ್ಚದೆ ನನ್ನ ಮುಖವನ್ನೇ ನೋಡುತ್ತಿದ್ದರು. “ಇಲ್ಲೆ ಸಣ್ಣಗೈತ್ರಿ ಮಾಮಾ” ಅಂದರೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಕೊಡುತ್ತಿದ್ದರು. “ಹೌದ್ರಿ” ಅಂದಮೇಲೆಯೇ ಸುಣ್ಣ. ನಾನು ಉಬ್ಬಿಹೋದೆ. ಕೊನೆಗೂ ನನ್ನನ್ನು ಸರಿಸಮ ಎಂದು ಒಪ್ಪಿಕೊಂಡರು, ಈಗ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ, ಮುಂದೆ ತಂಡ ನನ್ನದೇ ಎಂದೆಲ್ಲ ಲೆಕ್ಕ ಹಾಕಿದೆ. ಗೋರೆಗಾಂವಿನ ನಮ್ಮ ಚಾಳಿನ ವಠಾರದಲ್ಲಿ ಹೆಂಡತಿಗೂ ಹೇಳಿ ಮೆರೆದೆ. ಮಾವನ ಖೋಲಿಯಲ್ಲಿ ಟೀವಿ ಎಷ್ಟು ಜೋರಾಗಿರುತ್ತಿತ್ತೆಂದರೆ ಪಕ್ಕದವರು ಗೋಡೆ ಬಡಿಯುತ್ತಿದ್ದರು. ಅದನ್ನು ನೋಡಿ ನಕ್ಕಿದ್ದೆನೇ ಹೊರತು ಅದಕ್ಕೂ ಇದಕ್ಕೂ ಗಂಟು ಹಾಕಲಿಲ್ಲ.

ಅದು ಮೇ ತಿಂಗಳ ಒಂದು ಭಾನುವಾರ. ಬಾಂದ್ರಾದ ಒಂದು ಆಫೀಸು ಕಾಂಪ್ಲೆಕ್ಸಿನಲ್ಲಿ ಕೆಲಸ. ಕಡಿಮೆಯಾದ ತಣ್ಣೀರನ್ನು ತುಂಬಿಸಲು ಟ್ಯಾಂಕಿಗೆ ಹೊಸ ನೀರು ಹೋಗುವ ಮೀಟರು ಒಂದೇ ಸಮನೆ ತಿರುಗುತ್ತಿತ್ತು. ಒಂದೊಂದೇ ವಾಲ್ವು ಸ್ವಲ್ಪ ಹೊತ್ತು ಮುಚ್ಚಿ ನೋಡಿ, ಪಾರ್ಕಿಂಗಿನ ರ‍್ಯಾಂಪಿಗೂ ಎರಡನೇ ಬಿಲ್ಡಿಂಗಿಗೂ ನಡುವಿನ ತುಂಡಿನಲ್ಲೇ ಸೋರಿಕೆ ಇದೆ ಎಂದು ಶನಿವಾರವೇ ಖಾತ್ರಿಯಾಗಿತ್ತು. ಆದರೆ ಆ ಬಿಲ್ಡಿಂಗಿನಲ್ಲಿ ಹಗಲಿರುಳು ತಣ್ಣಗಿರಬೇಕಾದ ಕಂಪ್ಯೂಟರುಗಳ ಕೋಣೆಯೊಂದಿತ್ತು. ತೂತು ಕಣ್ಣಿಗೆ ಬೀಳುವವರೆಗೆ ಲೈನು ಬಂದ್ ಮಾಡುವಂತಿಲ್ಲ ಎಂದು ಮೇಲಿನವರ ಹುಕುಂ. ಮನುಷ್ಯರಿಗೆ ಭಾನುವಾರ ರಜೆ ಇರುತ್ತದೆ, ಕಂಪ್ಯೂಟರಿಗೆ ಇರುವುದಿಲ್ಲ.

ಆ ದಿನ ರೈಲಿನ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಅರ್ಧಕ್ಕರ್ಧ ಗಾಡಿಗಳು ಬಂದ್. ಗೋರೆಗಾಂವಿನಿಂದ ನಾನು ಬಂದು ಮುಟ್ಟುವಾಗ ಎಂಟೂವರೆ. ಮಾವ ಏಳಕ್ಕೇ ಬಂದು ಕೂತಿದ್ದರು. ಅಗೆಯುವ ನಾಲ್ವರು, ಕಾಂಪ್ಲೆಕ್ಸಿನ ಸೂಪರ್‌ವೈಸರು, ಎಲ್ಲರ ಮುಂದೆ ನನ್ನ ಮೇಲೆ ಹರಿಹಾಯ್ದರು.

“ಮೆಗಾಬ್ಲಾಕ್ ನಿನಗೊಬ್ಬಂಗ ಐತೇನು? ಮೊದಲ ಗಾಡಿ ಹಿಡಿಯಾಕ ಏನಾಗಿತ್ತು? ಹೆಂಡ್ತಿ ಸೀರಿ ಸೆರಗ ಹಿಡಕೊಂಡು ಮಲಗಿದ್ದೇನು?”

ಅಗೆಯುವವರು ಕಿಸಕ್ಕನೆ ನಕ್ಕರು. ನನಗೆ ಆಗ ನಲವತ್ತು ದಾಟಿತ್ತು. ಕಿವಿ ಕಾದುಹೋಯಿತು. ಸಾಮಾನು ಇಳಿಸಿದೆ.

ರ‍್ಯಾಂಪಿನಿಂದ ಹೊರಟು ಹೆಜ್ಜೆಹೆಜ್ಜೆಗೆ ಸಲಾಕೆ ಊರುತ್ತ ಬಂದೆವು. ರ‍್ಯಾಂಪಿನ ಹತ್ತಿರ ಮಾವ ನನಗೆ ಸಲಾಕೆ ಕೊಟ್ಟಾಗ ಆ ಸುಯ್ ಸದ್ದು ಸ್ಪಷ್ಟವಾಗಿ ಕೇಳಿಸಿತು. ಇದೇ ಇರಬೇಕು, ಆದರೂ ಮುಂದಿನದನ್ನೂ ಕೇಳಿ ಹೇಳೋಣ ಎಂದು “ಮುಂದ ನೋಡೂಣ್ರಿ ಮಾಮಾ” ಎಂದಷ್ಟೇ ಹೇಳಿದೆ. ಅಲ್ಲಿಂದ ಹನ್ನೆರಡು ಹೆಜ್ಜೆ ಮುಂದೆ, ಪೇವರ್ ಬ್ಲಾಕುಗಳ ಸಂದಿಯಲ್ಲಿ ನೀರು ಜಿನುಗಿದ ಕಲೆ ಇತ್ತು. ಅಷ್ಟರಲ್ಲಿ ಸೂಪರ್‌ವೈಸರು ಗಡಿಯಾರ ನೋಡಿಕೊಂಡು, “ಚಾಚಾ, ಮಶೀನ್‌ವಾಲೇ ಕೋ ಬುಲಾವೂಂ ಕ್ಯಾ?” ಎಂದು ನಕ್ಕ. ಹೆಡ್‌ಫೋನು ಹಾಕಿಕೊಂಡು ಹುಡುಕುವ ಯಂತ್ರದವರು ಆಗಲೇ ನಮ್ಮ ಕೆಲಸಗಳನ್ನು ಒಂದೊಂದಾಗಿ ಕಸಿಯುತ್ತಿದ್ದರು. ಮಾವನ ಮುಖ ಬಿಗಿಯಿತು. ಆ ಕಲೆಯ ಹತ್ತಿರ ಸಲಾಕೆ ಊರಿ ಕೇಳಿದರು. ಕೂಡಲೇ ಸುಣ್ಣದ ಡಬ್ಬಿ ಕೈಗೆ ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ, “ಇಲ್ಲೇ ಐತಿ” ಎಂದರು. ಆಮೇಲೆ ಸಲಾಕೆಯನ್ನು ನನ್ನ ಕಡೆ ಚಾಚಿದರು.

“ನೋಡು, ಹೌದಲ್ಲೋ?”

ನಾನು ಕೇಳಿದೆ. ಸದ್ದು ಇತ್ತು, ಆದರೆ ಸಣ್ಣದು, ಬೇರೆಲ್ಲಿಂದಲೋ ಬಂದದ್ದು. ರ‍್ಯಾಂಪಿನ ಹತ್ತಿರ ಕೇಳಿದ್ದರ ಕಾಲು ಭಾಗವೂ ಇರಲಿಲ್ಲ. ಮಾವ ನನ್ನ ಮುಖ ನೋಡುತ್ತಿದ್ದರು. ಸೂಪರ್‌ವೈಸರು ನೋಡುತ್ತಿದ್ದ. ಅಗೆಯುವವರು ಗುದ್ದಲಿ ಊರಿಕೊಂಡು ನೋಡುತ್ತಿದ್ದರು. ಮಾವ ‘ಇಲ್ಲೇ ಐತಿ’ ಎಂದು ನಾಲ್ಕು ಜನರ ಮುಂದೆ ಹೇಳಿದ ಮೇಲೆ ಅಳಿಯ ಇಲ್ಲ ಎನ್ನುವುದು ಹೇಗೆ?

“ಹೌದ್ರಿ ಮಾಮಾ” ಎಂದೆ.

ಅದನ್ನು ಮರ್ಯಾದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಮರ್ಯಾದೆಯಲ್ಲ. ಬೆಳಿಗ್ಗೆ ಬೈಸಿಕೊಂಡ ಉರಿ ಇನ್ನೂ ಆರಿರಲಿಲ್ಲ. ಒಂದು ಸಲ ತಪ್ಪಲಿ, ಖಾಲಿ ಗುಂಡಿಯಲ್ಲಿ ಇಳಿದು ನಿಲ್ಲಲಿ, ಆಗ ಗೊತ್ತಾಗುತ್ತದೆ ಯಾರ ಕಿವಿ ಹೇಗಿದೆ ಎಂದು ಒಳಗೊಳಗೇ ಅಂದುಕೊಂಡೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟುತ್ತದೆ. ಆದರೂ ಇದ್ದದ್ದು ಇದ್ದ ಹಾಗೇ ಬರೆಯಬೇಕು.

ಮಾವ ಬಗ್ಗಿ ಗುರುತು ಹಾಕಿದರು. ಅಗೆತ ಶುರುವಾಯಿತು. ಆ ಕಡೆಯ ನೆಲವೆಲ್ಲ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ, ಒಡೆದ ಕಟ್ಟಡಗಳ ಡೆಬ್ರಿಸ್ ಸುರಿದು ತುಂಬಿಸಿದ್ದು. ಇಟ್ಟಿಗೆ ಚೂರು, ಟೈಲ್ಸು, ಹಳೇ ಚಪ್ಪಲಿ, ಏನು ಬೇಕಾದರೂ ಸಿಗುತ್ತದೆ, ಗಟ್ಟಿ ಮಣ್ಣು ಮಾತ್ರ ಸಿಗುವುದಿಲ್ಲ. ಹನ್ನೆರಡು ಗಂಟೆಯ ಹೊತ್ತಿಗೆ ಆಳೆತ್ತರಕ್ಕಿಂತ ಕೆಳಗೆ ಕಪ್ಪು ಕವಚ ಕಂಡಿತು. ಗುಂಡಿಯ ಮೂರು ಗೋಡೆ ಒಣಗಿದ್ದವು. ರ‍್ಯಾಂಪಿನ ಕಡೆಯ ಗೋಡೆ ಬುಡದಲ್ಲಿ ಬೆವರಿದಂತೆ ಹೊಳೆಯುತ್ತಿತ್ತು. ಅಲ್ಲಿಂದ ಇಲ್ಲಿಯವರೆಗಿನ ಮಣ್ಣೆಲ್ಲ ಒಳಗೊಳಗೇ ನೆನೆದಿದೆ ಎಂಬುದು ನನ್ನ ಕಣ್ಣಿಗೆ ಬಿತ್ತು. ಆಗಲೂ ನಾನು ಬಾಯಿ ತೆರೆಯಲಿಲ್ಲ. ಗೋಡೆಗಳಿಗೆ ಆಧಾರ ಕೊಡುವ ಹಲಗೆಗಳು ಟೆಂಪೋದಲ್ಲೇ ಇದ್ದವು. ಪೈಪು ನೋಡಿಕೊಂಡ ಮೇಲೆ ಕಟ್ಟಿದರಾಯಿತು ಎಂಬುದು ಆಗ ಎಲ್ಲರ ರೂಢಿ.

ಅಗೆಯುವವರು ಮೇಲೆ ಬಂದರು. ಗುರುತು ಹಾಕಿದವರು ಏಣಿ ಹಿಡಿದು ಇಳಿದರು. ಮಂಡಿಯೂರಿ, ಕವಚದ ಮೇಲಿನ ಮಣ್ಣು ಸವರಿ, ಅಂಗೈಯಿಟ್ಟು ನೋಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

“ಅಳಿಯಾ, ಇಲ್ಲೆ ಒಣಾ ಐತಲ್ಲೋ?”

ನಾನು ಇನ್ನೂ ಏನು ಹೇಳಬೇಕೆಂದು ಹುಡುಕುತ್ತಿದ್ದೆ. ರ‍್ಯಾಂಪಿನ ಕಡೆಯ ಗೋಡೆ ಹೆಚ್ಚು ಸದ್ದು ಮಾಡಲಿಲ್ಲ. ಧಸಕ್ ಎಂದು ಒಂದೇ ಸಲ ಕೂತುಬಿಟ್ಟಿತು. ಐದು ಜನ ಕೈಯಿಂದ ಮಣ್ಣು ಬಗೆದೆವು. ಗುದ್ದಲಿ ಹಾಕಿದರೆ ಮಾವನಿಗೆ ತಗಲುತ್ತದೆಂದು ಭಯ. ಮುಖ ಬೇಗನೆ ಸಿಕ್ಕಿತು. ಎದೆಯ ಮೇಲಿನ ಮಣ್ಣು ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಬಾಯಿಂದ ಮಣ್ಣು ತೆಗೆದ ನನ್ನ ಬೆರಳುಗಳನ್ನು ನಾನು ಈಗಲೂ ಊಟದ ನಡುವೆ ನೋಡಿಕೊಳ್ಳುತ್ತೇನೆ.

ನಾಲ್ಕು ದಿನ ಬಿಟ್ಟು ಬೇರೆ ತಂಡದವರು ಬಂದು, ಲೈನು ಬಂದ್ ಮಾಡಿಸಿ, ಹಲಗೆ ಕಟ್ಟಿ ಅಗೆದರು. ತೂತು ಸಿಕ್ಕಿದ್ದು ರ‍್ಯಾಂಪಿನ ಹತ್ತಿರ. ನಾನು ಕೇಳಿದ್ದ ಜಾಗದಲ್ಲೇ. ತುಕ್ಕು ಹಿಡಿದ ಆ ತುಂಡನ್ನು ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಿ, ಫೋಮು ತುಂಬಿ, ಮುಚ್ಚಿದರು. ಮುಂದಿನ ಸೋಮವಾರ ಎಲ್ಲರ ಆಫೀಸೂ ತಣ್ಣಗಿತ್ತು.

ಈಗ ನಾನೇ ಯಂತ್ರದವರ ಜೊತೆ ಕೆಲಸ ಮಾಡುತ್ತೇನೆ. ಹೆಡ್‌ಫೋನು ಹಾಕಿಕೊಂಡರೆ ನೆಲದೊಳಗಿನ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ಅದರ ಜೊತೆಗೆ ಯಾರೋ ಉಸಿರಾಡುವುದೂ ಕೇಳುತ್ತದೆ. ನನ್ನದೇ ಉಸಿರು, ಹೆಡ್‌ಫೋನು ಕಿವಿ ಮುಚ್ಚಿದ್ದಕ್ಕೆ ಹಾಗೆ ಕೇಳುತ್ತದೆ ಎಂದು ಯಂತ್ರ ಕಲಿಸಿದವನು ಮೊದಲ ದಿನವೇ ಹೇಳಿದ್ದ. ನನಗೂ ಗೊತ್ತು. ಆದರೂ ಹೆಡ್‌ಫೋನು ತೆಗೆದು ಎಡಕ್ಕೆ ತಿರುಗಿ ನೋಡುತ್ತೇನೆ. ಮಾವ ನಿಲ್ಲುತ್ತಿದ್ದದ್ದು ಎಡಕ್ಕೆ. ಚಾಳಿನಲ್ಲಿ ನಸುಕಿಗೆ ನೀರು ಬರುವ ಮುಂಚೆ ಖಾಲಿ ಪೈಪಿನಲ್ಲಿ ಗಾಳಿ ಸುಯ್ ಎನ್ನುತ್ತದೆ. ಹೆಂಡತಿ ಕೊಡ ಹಿಡಿದು ಓಡುತ್ತಾಳೆ, ನಾನು ಹಾಸಿಗೆಯಲ್ಲೇ ಬೆವರುತ್ತೇನೆ. ಬಾಂದ್ರಾದಲ್ಲಿ ಆ ರ‍್ಯಾಂಪಿನ ಹತ್ತಿರ ಎರಡು ಸಲ ಹೋಗಬೇಕಾಗಿ ಬಂತು. ಎರಡು ಸಲವೂ ಹೊಸ ಬ್ಲಾಕುಗಳ ಮೇಲೆ ಕಾಲಿಡಲಾಗದೆ ಗಾಡಿಗಳ ನಡುವೆ ನುಸುಳಿ ದಾಟಿದೆ. ಮಾವ ಕೆಳಗಿನಿಂದ ಮುಖ ಎತ್ತಿ ನೋಡುತ್ತಿರುವ ಹಾಗೆ ಅನಿಸುತ್ತದೆ. ‘ಇಲ್ಲೆ ಒಣಾ ಐತಲ್ಲೋ?’ ಎಂಬುದು ಬೈಗುಳವೋ, ನನ್ನ ಸುಳ್ಳು ಗೊತ್ತಾಗಿ ಕೇಳಿದ್ದೋ ಎಂದು ನಾಲ್ಕು ವರ್ಷ ತಲೆ ಕೆಡಿಸಿಕೊಂಡೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಧಾರಾವಿಗೆ ಹೋದೆ. ಆ ವಾರ ಹೊಸ ಹುಡುಗನೊಬ್ಬ ಮಾವನ ಬಗ್ಗೆ ಅದೇ ‘ಕಿವಿ ಕೈಕೊಟ್ಟ ಮುದುಕ’ನ ಕಥೆಯನ್ನು ನನಗೇ ಹೇಳಿ ನಕ್ಕಿದ್ದ. ಅವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಹತ್ತಿರ ಕೂತು, ನೆಲ ನೋಡುತ್ತ, ಎಲ್ಲ ಹೇಳಿದೆ. ರ‍್ಯಾಂಪಿನ ಹತ್ತಿರ ಕೇಳಿಸಿದ್ದು, ಹೌದ್ರಿ ಅಂದದ್ದು, ಬೆವರಿದ ಗೋಡೆ ಕಂಡದ್ದು, ಎಲ್ಲ. ಬೆಳಗಿನ ಸಿಟ್ಟೊಂದನ್ನು ಹೇಳಲು ಬಾಯಿ ಬರಲಿಲ್ಲ. ಬಡಿಯುತ್ತಿದ್ದ ಕೈ ನಿಂತಿತ್ತು. ತವೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗ ಅದನ್ನು ತೆಗೆದು ಬದಿಗಿಟ್ಟಳು.

“ಎರಡ ವರ್ಷದಿಂದ ಅವರಿಗೆ ಕೇಳಸ್ತಿದ್ದಿಲ್ಲಪ್ಪ” ಅಂದಳು. “ಬಲಗಿವಿ ಪೂರಾ ಹೋಗಿತ್ತು. ಎಡಗಿವೀನೂ ಅಷ್ಟಕ್ಕಷ್ಟ. ಸಾಯನ್ ದವಾಖಾನ್ಯಾಗ ತೋರಿಸಿಕೊಂಡು ಬಂದಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು, ಕೆಲಸಾ ಹೊಕ್ಕೈತಿ ಅಂತ. ನಾ ಅಂಜಿದಾಗೆಲ್ಲಾ ಅನ್ನಾವ್ರು, ‘ಅಳಿಯಾ ಅದಾನ. ಅವ ಹೌದಂದ್ರ ಮಾತ್ರ ಸುಣ್ಣಾ ಹಾಕತೇನಿ. ಅವನ ಕಿವಿ ಸುಳ್ಳ ಹೇಳಂಗಿಲ್ಲ’ ಅಂತ.”

ಖೋಲಿಯ ಹೊರಗೆ ಯಾರದೋ ಹೊಲಿಗೆ ಮಶೀನು ಓಡುತ್ತಿತ್ತು. ನಾನು ಸರಿಸಮನಾದದ್ದಲ್ಲ, ಪರೀಕ್ಷೆಯೂ ಅಲ್ಲ. ಎರಡು ವರ್ಷ ಸುಣ್ಣ ಹಾಕಿದ್ದು ಅವರ ಕೈ, ಗುರುತು ನನ್ನದು. ಆ ಭಾನುವಾರವೂ ನನ್ನದೇ. ಅವರದೇ ಕಟ್ಟುಪಾಡಿನ ಪ್ರಕಾರ ಆ ಗುಂಡಿಗೆ ಮೊದಲು ಇಳಿಯಬೇಕಾಗಿದ್ದವನು ನಾನು. ಕೆಳಗಿನಿಂದ ಮುಖ ಎತ್ತಿ ಅವರು ಬೈಯಲಿಲ್ಲ. ಕೇಳಿಸದ ಮನುಷ್ಯ ಕೇಳಿಸುವವನನ್ನು ಕೇಳಿದ್ದು, ಅಷ್ಟೇ.

“ನಿನಗ ಅಲ್ಲಿ ಇಲ್ಲಂತ ಗೊತ್ತಿತ್ತಲ್ಲಾ” ಅಂದಳು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ್ದನ್ನು ಕೇಳಿದ ಹಾಗಿತ್ತು. “ಮತ್ತ ಯಾಕ ಹೌದಂದಿ?”

“ಅಷ್ಟ ಮಂದಿ ಮುಂದ ಹ್ಯಾಂಗ ಇಲ್ಲನ್ನಲಿ ಅತ್ತಿ? ಅವರ ಮರ್ಯಾದಿ ಹೋಗತಿತ್ತು.”

ಅತ್ತೆ ಕೈಗಂಟಿದ ಹಿಟ್ಟು ತಿಕ್ಕಿ ಉದುರಿಸಿದಳು.

“ಅವರು ನಿನ್ನ ಕಿವಿ ಕೇಳಿದ್ರಪ್ಪ. ಮರ್ಯಾದಿ ಕೇಳಿದ್ದಿಲ್ಲ.”

ಆಮೇಲೆ ಹಿಟ್ಟಿನ ಉಂಡೆ ತೆಗೆದುಕೊಂಡು ಮತ್ತೆ ಬಡಿಯತೊಡಗಿದಳು. ತಾಟು ತೊಳೆದು ನನ್ನ ಮುಂದಿಟ್ಟು ಎರಡು ರೊಟ್ಟಿ, ಪಲ್ಯ ಹಾಕಿದಳು. ನಾನು ಉಂಡೆ. ಮೂರನೆಯದಕ್ಕೆ ಅವಳು ಒತ್ತಾಯ ಮಾಡಲಿಲ್ಲ.